ಗೇಣುದ್ದದ ತುಕ್ಕು, ಮಾರುದ್ದದ ಕೆಲಸ

ಹಳೆಯ ಮೋಟಾರು ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬರುವವರು ಅನೇಕ ದೇಶಗಳಲ್ಲಿದ್ದಾರೆ. ಅಂಥವರಿಗೆ ಒಂದಲ್ಲ ಒಂದು ದಿನ ಎದುರಾಗುವ ಸೋಜಿಗವೊಂದುಂಟು. ಕಾರಿನ ಒಡಲಿನಲ್ಲಿ ಎಲ್ಲಿಯೋ ಒಂದೆಡೆ ತುಕ್ಕು ಹಿಡಿದು ತಗಡು ಉದುರಿದೆ. ಅದೇ ಆಕಾರದ ಹೊಸ ತಗಡು ಅಂಗಡಿಯಲ್ಲಿ ದೊರೆಯುತ್ತದೆ. ಅದರ ಬೆಲೆಯೂ ಹೆಚ್ಚೇನಲ್ಲ. ಆದರೆ ಅದನ್ನು ಹಳೆಯದರ ಸ್ಥಾನದಲ್ಲಿ ಕೂರಿಸಿಕೊಡಲು ಕಾರ್ಯಾಗಾರದವರು ಹೇಳುವ ಕೂಲಿಯು ತಗಡಿನ ಬೆಲೆಯ ಹಲವು ಪಟ್ಟು! ಇದು ಸುಲಿಗೆಯೇ? ಅಥವಾ ನ್ಯಾಯವಾದ ಪ್ರತಿಫಲವೇ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನಾವು ರಸಾಯನಶಾಸ್ತ್ರ, ಬಲಶಾಸ್ತ್ರ, ಉಷ್ಣಶಾಸ್ತ್ರ ಮತ್ತು ಅರ್ಥಶಾಸ್ತ್ರ ಈ ನಾಲ್ಕರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಅಷ್ಟೇ ಅಲ್ಲ, ಈ ಕೂಲಿಯನ್ನು ಉಳಿಸಹೋಗಿ ಅಡ್ಡದಾರಿ ಹಿಡಿದವರು ತಮ್ಮ ಪ್ರಾಣವನ್ನೇ ಪಣಕ್ಕಿಟ್ಟಂತಾಗುವುದೂ ಉಂಟು.

ವಿಷಯವು ಸ್ಪಷ್ಟವಾಗಬೇಕಾದರೆ ನಿಜವಾದ ಒಂದು ಕಾರನ್ನೇ ಎದುರಿಗಿಟ್ಟುಕೊಂಡು ವಿಚಾರ ಮಾಡುವುದು ಮೇಲು. ಬ್ರಿಟನ್ನಿನ ಎಂ.ಜಿ.ಬಿ. ಎಂಬ ಕಾರು ಇದಕ್ಕೆ ಬಹಳ ಒಪ್ಪುವ ಉದಾಹರಣೆ.

ಬೆನ್ನೆಲುಬಿಲ್ಲದ ಕಾರು

ಎಂ.ಜಿ.ಬಿ. ಕಾರು ಬೆಳಕಿಗೆ ಬಂದುದು ೧೯೬೨ರಲ್ಲಿ. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ ಇದರ ಜೋಡಣೆ ನಡೆಯುತ್ತಿತ್ತು. ೧೯೮೦ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಐದು ಲಕ್ಷಕ್ಕೂ ಮೀರಿದ ಕಾರುಗಳು ಹೊರಬಿದ್ದಿದ್ದವು. ಮೊದಲು ಬಂದುದು ಮಾಡಿಲ್ಲದ ತೆರೆದ ಕಾರು. ೧೯೬೫ರಲ್ಲಿ ಉಕ್ಕಿನ ಮಾಡುಳ್ಳ ಜಿ.ಟಿ. ಎಂಬ ಇನ್ನೊಂದು ಬಗೆಯೂ ಬಂದಿತು.

ಇದಕ್ಕೆ ಹಿಂದಿನ ಎಂ.ಜಿ.ಎ. ಕಾರಿಗೆ ಷಾಸಿ ಎಂಬ ಪ್ರತ್ಯೇಕವಾದ ಉಕ್ಕಿನ ಚೌಕಟ್ಟು ಇದ್ದಿತು. ಎತ್ತಿನ ಗಾಡಿಯ ಮೂಕಿಯ ಹಾಗೆ ಭಾರವನ್ನೆಲ್ಲ ಆ ಚೌಕಟ್ಟೇ ಹೊರುತ್ತಿತ್ತು; ಮೇಲಿನ ಒಡಲು ಬರಿಯ ಹೊದಿಕೆ. ಎಂ.ಜಿ.ಬಿ.ಯಲ್ಲಿ ಈ ಚೌಕಟ್ಟನ್ನು ಕೈಬಿಟ್ಟರು. ತೆಳ್ಳನೆಯ ತಗಡುಗಳನ್ನು ಮಡಿಸಿ, ಒಂದಕ್ಕೊಂದು ಬೆಸೆದು, ಪೆಟ್ಟಿಗೆಯಂತಹ ಒಡಲನ್ನು ರಚಿಸಿ, ಆ ಒಡಲೇ ಭಾರವನ್ನು ಹೊರುವಂತೆ ಮಾಡಿದರು. ಇಂಥ ರಚನೆಗೆ ಮಾನೊಕಾಕ್ ಎಂದು ಹೆಸರು. ಏಡಿ, ಸೀಗಡಿಗಳಿಗೆ ಒಳಗೆ ಎಲುಬಿಲ್ಲ. ಚಿಪ್ಪೇ ಅವುಗಳ ಆಧಾರ. ಇಲ್ಲಿಯೂ ಹಾಗೆಯೇ. ೧೯೨೨ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾ, ೧೯೩೪ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಟ್ರಾಕ್ಸಿಯಾನ್ ಆವಾಂ ಎಂಬ ಕಾರುಗಳು ಈ ಮಾರ್ಗವನ್ನು ತೋರಿಸಿಕೊಟ್ಟಿದ್ದವು. ನಮ್ಮವರೆಲ್ಲರೂ ಬಲ್ಲ ಅಂಬಾಸಿಡರ್ ಕಾರು ಕೂಡ ಇದೇ ಜಾತಿಯದು. ಅದರ ಮೂಲ ಮಾದರಿಯಾದ ಮಾರಿಸ್ ಆಕ್ಸ್‌ಫರ್ಡ್ ಕಾರಿಗೂ ಎಂ.ಜಿ.ಗೂ ವಂಶವೊಂದೇ, ಎಂ.ಜಿ. ಎಂಬ ಎರಡಕ್ಷರಗಳೇ ಆಕ್ಸ್‌ಫರ್ಡ್ ನಗರದ 'ಮಾರಿಸ್ ಗ್ಯಾರೇಜಸ್' ಎಂಬುದರ ಸಂಕ್ಷೇಪ.

ಚಿಪ್ಪಿನ ರಚನೆಯಿಂದ ಕಾರು ಹಗುರವಾಯಿತು, ಗಟ್ಟಿಯೂ ಆಯಿತು. ಆದರೆ ಒಂದು ತೊಡಕು ಹುಟ್ಟಿಕೊಂಡಿತು. ಷಾಸಿಯ ಕಾರಿನಲ್ಲಿ ಒಡಲು ತುಕ್ಕು ಹಿಡಿದರೆ ಅಂದ ಕೆಡುತ್ತದೆ. ಚಿಪ್ಪಿನ ಕಾರಿನಲ್ಲಿ ಒಡಲು ತುಕ್ಕು ಹಿಡಿದರೆ ಬಲವೇ ಉಡುಗುತ್ತದೆ.

ಹೊಸ್ತಿಲ ತೊಲೆಯ ಗುಟ್ಟು

ಕಾರಿನ ಬಾಗಿಲನ್ನು ತೆರೆದು ಒಳಗೆ ಕಾಲಿಡುವಾಗ ನಾವು ದಾಟುವ ಉಕ್ಕಿನ ದಿಂಡಿಗೆ ಸಿಲ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಹೊಸ್ತಿಲ ತೊಲೆಯೆಂದು ಧಾರಾಳವಾಗಿ ಕರೆಯಬಹುದು. ಮುಂದಿನ ಚಕ್ರದ ಹಿಂಬದಿಯಿಂದ ಹಿಂದಿನ ಚಕ್ರದ ಮುಂಬದಿಯವರೆಗೆ ಅದು ಹಬ್ಬಿರುತ್ತದೆ. ಮಾಡಿಲ್ಲದ ಎಂ.ಜಿ.ಬಿ.ಯಲ್ಲಿ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಬಿಗಿಯಾಗಿ ಹಿಡಿದಿಡುವ ಮುಖ್ಯ ಭಾಗಗಳಲ್ಲಿ ಈ ಎರಡು ತೊಲೆಗಳೂ ಸೇರಿವೆ.

ಹೊರಗಿನಿಂದ ನೋಡುವವನಿಗೆ ಒಂದೇ ತಗಡು ಕಾಣುತ್ತದೆ. ಒಳಗೆ ಇರುವುದು ಬೇರೆ. ಹೊರ ಸಿಲ್ಲು ಒಂದು, ಒಳ ಸಿಲ್ಲು ಒಂದು, ಇವೆರಡರ ನಡುವೆ ನೆಟ್ಟಗೆ ನಿಂತ ಪೊರೆ ತಗಡು ಒಂದು, ಕೆಳಗೆ ಕೋಟೆಯ ತೆನೆಯ ಆಕಾರವಿರುವ ಕಾರಣ 'ಕ್ಯಾಸಲ್ ರೈಲ್' ಎನಿಸಿಕೊಂಡಿರುವ ಪಟ್ಟಿಯೊಂದು. ಹೀಗೆ ನಾಲ್ಕು ತಗಡುಗಳು ಅಂಚಿಗೆ ಅಂಚು ಬೆಸೆದುಕೊಂಡು ಮುಚ್ಚಿದ ಕೊಳವೆಯಾಗುತ್ತವೆ.

ಮುಚ್ಚಿದ ಕೊಳವೆಯ ಮಹತ್ವವನ್ನು ತಿಳಿಯಲು ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಅಂಚನ್ನು ಉದ್ದಕ್ಕೂ ಅಂಟಿಸಿ, ಒಣಗಿದ ಮೇಲೆ ಎರಡು ತುದಿಗಳನ್ನು ಹಿಡಿದು ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿರಿ. ಅದು ಬಗ್ಗದೆ ಹಠ ಹಿಡಿಯುತ್ತದೆ. ಈಗ ಬ್ಲೇಡಿನಿಂದ ಕೊಳವೆಯ ಉದ್ದಕ್ಕೂ ಒಂದೇ ಒಂದು ಸೀಳು ಕೊಟ್ಟು ಮತ್ತೆ ತಿರುಚಿರಿ. ಕಾಗದ ಅಷ್ಟೇ ಇದೆ, ತೂಕವೂ ಅಷ್ಟೇ. ಆದರೆ ಕೊಳವೆಯು ಬಾಳೆಯ ಎಲೆಯಂತೆ ಸುಲಭವಾಗಿ ತಿರುಚಿಕೊಳ್ಳುತ್ತದೆ.

ಇದನ್ನು ಗಣಿತವೂ ಸಮರ್ಥಿಸುತ್ತದೆ. ತೆಳುಗೋಡೆಯ ಚೌಕ ಕೊಳವೆಯೊಂದು ತಿರುಚುವಿಕೆಯನ್ನು ಎದುರಿಸುವ ಬಿಗುಪಿಗೂ, ಅದನ್ನೇ ಸೀಳಿದಾಗ ಉಳಿಯುವ ಬಿಗುಪಿಗೂ ಇರುವ ನಿಷ್ಪತ್ತಿಯು ಹೀಗೆ ಬರುತ್ತದೆ: ಪಕ್ಕದ ಅಗಲವನ್ನು ತಗಡಿನ ದಪ್ಪದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ, ಅದರಲ್ಲಿ ಮುಕ್ಕಾಲು ಪಾಲನ್ನು ತೆಗೆದುಕೊಳ್ಳಬೇಕು. ಪಕ್ಕವು ೧೦೦ ಮಿಲಿಮೀಟರ್, ದಪ್ಪವು ೧ ಮಿಲಿಮೀಟರ್ ಇದ್ದರೆ ನಿಷ್ಪತ್ತಿಯು ೭,೫೦೦! ಎಂದರೆ ಉದ್ದಕ್ಕೂ ಬಿಟ್ಟುಕೊಂಡ ಒಂದು ಸಂದಿಯು ಏಳೂವರೆ ಸಾವಿರ ಪಾಲಿನ ಬಿಗುಪನ್ನು ಒಂದು ಪಾಲಿಗೆ ಇಳಿಸಬಲ್ಲದು. ತುಕ್ಕು ಮೊದಲು ಮನೆಮಾಡುವುದು ಇಂಥ ಬೆಸುಗೆಯ ಅಂಚಿನಲ್ಲಿಯೇ.

ಒಳಗಿನಿಂದ ತಿನ್ನುವ ಶತ್ರು

ಕಬ್ಬಿಣ ತುಕ್ಕಾಗಲು ನೀರೂ ಬೇಕು, ಆಮ್ಲಜನಕವೂ ಬೇಕು ಎಂಬುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ವಿದ್ಯುತ್ ರಾಸಾಯನಿಕ ಕ್ರಿಯೆ. ತಗಡಿನ ಒಂದು ಭಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗೆ ಇಳಿಯುತ್ತವೆ, ಅದು ಆನೋಡ್. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಭಾಗವನ್ನು ಸೇರಿ, ಅಲ್ಲಿ ನೀರಿನೊಡನೆ ಬೆರೆತ ಆಮ್ಲಜನಕಕ್ಕೆ ದೊರೆಯುತ್ತವೆ, ಅದು ಕ್ಯಾಥೋಡ್. ಹೀಗೆ ಒಂದೇ ತಗಡಿನಲ್ಲಿ ಪುಟ್ಟ ವಿದ್ಯುತ್ಕೋಶವೊಂದು ಏರ್ಪಡುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ತು ಇನ್ನೂ ಸರಾಗವಾಗಿ ಹರಿಯುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ವಾಡಿಕೆಯಿದೆ. ಅಲ್ಲಿಯ ಕಾರುಗಳ ಆಯುಷ್ಯವನ್ನು ಈ ಉಪ್ಪೇ ಕುಗ್ಗಿಸುತ್ತದೆ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಕೇಂಬ್ರಿಜ್ಜಿನ ವಿಜ್ಞಾನಿ ಯೂಲಿಕ್ ಇವಾನ್ಸರು ೧೯೨೦ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಹನಿಯನ್ನಿಟ್ಟು ಪರೀಕ್ಷಿಸಿದರು. ಗಾಳಿ ಚೆನ್ನಾಗಿ ತಾಗುವ ಹನಿಯ ಅಂಚಿನಲ್ಲಿ ಲೋಹವು ಸವೆಯಲಿಲ್ಲ. ಗಾಳಿ ಕಡಿಮೆಯಿರುವ ನಡುಭಾಗದಲ್ಲಿ ಸವೆಯಿತು. ಆಮ್ಲಜನಕದ ಅಭಾವವಿರುವ ಜಾಗವೇ ಆನೋಡ್ ಆಗಿ ಕರಗುತ್ತದೆ. ಸಿಲ್ಲಿನೊಳಗೆ ಎರಡು ತಗಡುಗಳು ಒಂದರ ಮೇಲೊಂದು ಕೂತಿರುವ ಸಂದಿಯನ್ನು ಊಹಿಸಿಕೊಳ್ಳಿರಿ. ನೀರು ಅಲ್ಲಿಗೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ ನಿಲ್ಲುತ್ತದೆ, ಗಾಳಿಯಾಡುವುದಿಲ್ಲ, ಒಣಗುವುದೂ ಇಲ್ಲ. ತುಕ್ಕಿಗೆ ಇದಕ್ಕಿಂತ ಸೊಗಸಾದ ಮನೆ ಬೇಕೆ? ಅಲ್ಲದೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಹೀಗೆ ಉಬ್ಬಿ ಬೆಸುಗೆಯ ಅಂಚನ್ನು ಮೀಟಿ ಬಿಡಿಸುತ್ತದೆ. ಹೊರಗೆ ಬಣ್ಣದ ಮೇಲೆ ಸಣ್ಣದೊಂದು ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಗೆದ್ದಲು ತಿಂದ ಮರದ ಸ್ಥಿತಿ ಬಂದಿರುತ್ತದೆ.

ಕೆಲಸಗಾರನ ಮೊದಲ ಕಷ್ಟವೇ ಇದು. ಕಾರ್ಯವೆಷ್ಟೆಂಬುದು ಕತ್ತರಿಸಿ ನೋಡುವವರೆಗೆ ತಿಳಿಯುವುದಿಲ್ಲ. ಅನುಭವಸ್ಥರು ಮೊದಲೇ ನಿಶ್ಚಿತವಾದ ಮೊತ್ತ ಹೇಳಲು ಹಿಂಜರಿಯುವುದಕ್ಕೆ ಕಾರಣವೂ ಇದೇ.

ಕಟ್ಟಿದ ಕ್ರಮವೇ ಬೇರೆ, ಬಿಚ್ಚುವ ಕ್ರಮವೇ ಬೇರೆ

ಕಾರ್ಖಾನೆಯಲ್ಲಿ ಕಾರಿನ ಒಡಲನ್ನು ಒಳಗಿನಿಂದ ಹೊರಕ್ಕೆ ಕಟ್ಟುತ್ತಾರೆ. ಮೊದಲು ನೆಲ, ಆಮೇಲೆ ಒಳ ಸಿಲ್ಲು, ಪೊರೆ, ಹೊರ ಸಿಲ್ಲು, ಕೊನೆಗೆ ಮಡ್‌ಗಾರ್ಡುಗಳು. ಪ್ರತಿ ತಗಡೂ ಜಿಗ್ ಎಂಬ ಗಟ್ಟಿ ಹಿಡಿಕೆಯಲ್ಲಿ ಸಿಕ್ಕಿಕೊಂಡಿರುವುದರಿಂದ ಅಳತೆ ಹಾಕುವ ಕೆಲಸವೇ ಇಲ್ಲ. ಬೆಸುಗೆಯೂ ಕ್ಷಣಮಾತ್ರದ್ದು. ಎರಡು ತಾಮ್ರದ ತುದಿಗಳ ನಡುವೆ ತಗಡುಗಳನ್ನು ಅದುಮಿ, ಅಲ್ಪ ವೋಲ್ಟೇಜಿನಲ್ಲಿ ಸಾವಿರಾರು ಆಂಪಿಯರುಗಳ ವಿದ್ಯುತ್ತನ್ನು ಹರಿಯಿಸುತ್ತಾರೆ. ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಉಷ್ಣ ಹುಟ್ಟುತ್ತದೆಂಬ ಜೌಲನ ನಿಯಮದಂತೆ, ತಗಡುಗಳು ಕೂಡುವಲ್ಲಿ ಲೋಹ ಕರಗಿ ಒಂದಾಗುತ್ತದೆ. ಎಲಿಹು ಥಾಮ್ಸನ್ ಎಂಬ ಎಂಜಿನಿಯರು ೧೮೮೦ರ ದಶಕದಲ್ಲಿ ಬಳಕೆಗೆ ತಂದ ರೋಧ ಬೆಸುಗೆಯ ಒಂದು ರೂಪವಿದು. ಇದಕ್ಕೆ ಸ್ಪಾಟ್ ವೆಲ್ಡಿಂಗ್ ಅಥವಾ ಚುಕ್ಕೆ ಬೆಸುಗೆ ಎಂದು ಹೆಸರು.

ರಿಪೇರಿಯವನಿಗೆ ಈ ಅನುಕೂಲಗಳಾವುವೂ ಇಲ್ಲ. ಅವನು ಕಟ್ಟಡದ ತಳಪಾಯವನ್ನು ಬದಲಿಸಬೇಕು, ಮೇಲಿನ ಗೋಡೆ ಬೀಳಬಾರದು! ಎಂ.ಜಿ.ಬಿ.ಯ ಹೊರ ಸಿಲ್ಲು ಬಾಗಿಲಿನ ಕೆಳಗೆ ಮಾತ್ರ ಕಾಣಿಸಿದರೂ, ಮುಂದೆ ಮುಂಗಡೆಯ ಮಡ್‌ಗಾರ್ಡಿನ ಹಿಂದಕ್ಕೂ, ಹಿಂದೆ ಹಿಂಗಡೆಯ ಮಡ್‌ಗಾರ್ಡಿನ ಒಳಕ್ಕೂ ನುಗ್ಗಿರುತ್ತದೆ. ಮುಂದಿನ ಮಡ್‌ಗಾರ್ಡು ಬೋಲ್ಟುಗಳಿಂದ ಕೂತಿರುವುದರಿಂದ ಬಿಚ್ಚಬಹುದು. ಆದರೆ ದಶಕಗಳಿಂದ ತುಕ್ಕು ಹಿಡಿದ ಬೋಲ್ಟು ತಿರುಗುವ ಬದಲು ಮುರಿಯುವುದೇ ಹೆಚ್ಚು. ಹಿಂದಿನದೋ ಬೆಸೆದುಕೊಂಡೇ ಇದೆ. ಅದರ ಕೆಳಭಾಗವನ್ನು ಕತ್ತರಿಸಿ ತೆಗೆದು, ಕೊನೆಗೆ ಹೊಸ ತುಂಡನ್ನು ಸೇರಿಸಲೇಬೇಕು. ಒಂದು ತಗಡನ್ನು ಬದಲಿಸಲು ಎರಡು ಒಳ್ಳೆಯ ತಗಡುಗಳಿಗೂ ಕತ್ತರಿ ಬೀಳುತ್ತದೆ.

ಚುಕ್ಕೆ ಬೆಸುಗೆಗಳನ್ನು ಬಿಡಿಸುವ ಕೆಲಸವನ್ನು ಮಾತ್ರ ಲೆಕ್ಕ ಹಾಕಿ ನೋಡೋಣ. ಬೆಸೆದ ಅಂಚು ಒಂದೂವರೆ ಮೀಟರ್ ಉದ್ದ, ಚುಕ್ಕೆಗಳ ನಡುವಣ ಅಂತರ ೪೦ ಮಿಲಿಮೀಟರ್ ಎಂದುಕೊಂಡರೆ, ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಒಟ್ಟು ಸುಮಾರು ೭೫ ಚುಕ್ಕೆಗಳಾದವು. ಬಣ್ಣವನ್ನು ಕೆರೆದು ಒಂದೊಂದನ್ನೂ ಹುಡುಕಬೇಕು, ಪಂಚಿನಿಂದ ಗುರುತು ಮಾಡಬೇಕು, ಅಡಿಯ ತಗಡಿಗೆ ಗಾಯವಾಗದಂತೆ ಮೇಲಿನ ತಗಡಿನಷ್ಟೇ ಆಳಕ್ಕೆ ಬೈರಿಗೆಯಿಂದ ಕೊರೆಯಬೇಕು, ಉಳಿಯಿಂದ ಬಿಡಿಸಬೇಕು. ಒಂದಕ್ಕೆ ಮೂರು ನಿಮಿಷವೆಂದರೂ ೨೨೫ ನಿಮಿಷ; ಎಂದರೆ ಮೂರು ಮುಕ್ಕಾಲು ಗಂಟೆ. ಕಾರ್ಖಾನೆಯಲ್ಲಿ ಒಂದು ಚುಕ್ಕೆಗೆ ವಿದ್ಯುತ್ತು ಹರಿಯುವ ಕಾಲ ಸೆಕೆಂಡಿನ ಐದರಲ್ಲೊಂದು ಭಾಗವೆಂದು ಹಿಡಿದರೆ ೭೫ ಚುಕ್ಕೆಗಳಿಗೆ ೧೫ ಸೆಕೆಂಡು ಸಾಕು. ಕೂಡಿಸಲು ಹಿಡಿದ ಕಾಲದ ೯೦೦ ಪಟ್ಟು ಕಾಲ ಬಿಡಿಸಲು ಬೇಕಾಯಿತು!

ಕಾಲು ಅಂಶದ ತಪ್ಪು

ಕತ್ತರಿ ಹಾಕುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಸಿಲ್ಲು ತೊಲೆಯಷ್ಟೆ! ತೊಲೆಯನ್ನು ತೆಗೆದರೆ ಮಾಡಿಲ್ಲದ ಕಾರು ನಡುವಿನಲ್ಲಿ ಜಗ್ಗುತ್ತದೆ. ಆದುದರಿಂದ ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡಡ್ಡಲಾಗಿ ಉಕ್ಕಿನ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು ಆಧಾರ ಕೊಡಬೇಕು. ಎರಡು ಕಡೆಯ ಸಿಲ್ಲುಗಳನ್ನು ಒಟ್ಟಿಗೆ ತೆಗೆಯಕೂಡದು. ಒಂದು ಕಡೆ ಮುಗಿದ ಮೇಲೆಯೇ ಇನ್ನೊಂದು.

ಈ ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ? ಬಾಗಿಲಿನ ಸುತ್ತ ಇರುವ ಸಂದು ನಾಲ್ಕೈದು ಮಿಲಿಮೀಟರ್ ಮಾತ್ರ. ತಿರುಗಣಿಯಿರುವ ಕಂಬವು ಕೇವಲ ಕಾಲು ಅಂಶದಷ್ಟು ವಾಲಿದರೂ ಒಂದು ಮೀಟರ್ ಉದ್ದದ ಬಾಗಿಲಿನ ತುದಿಯು ೪ ಮಿಲಿಮೀಟರಿಗಿಂತ ಹೆಚ್ಚಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಅದೇ ಸ್ಥಿತಿಯಲ್ಲಿ ಹೊಸ ಸಿಲ್ಲನ್ನು ಬೆಸೆದುಬಿಟ್ಟರೆ ತಪ್ಪು ಶಾಶ್ವತವಾಯಿತು. ಮತ್ತೆ ಕತ್ತರಿಸುವುದಲ್ಲದೆ ಬೇರೆ ದಾರಿಯಿಲ್ಲ. ಇದಕ್ಕಾಗಿಯೇ ಬಲ್ಲ ಮೇಸ್ತ್ರಿಯು ಹೊಸ ತಗಡನ್ನು ಹಿಡಿಕೆಗಳಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಬಾಗಿಲನ್ನು ತೂಗುಹಾಕಿ, ಮುಚ್ಚಿ ತೆರೆದು, ಸಂದನ್ನು ಅಳೆದು, ಬಾಗಿಲನ್ನು ಇಳಿಸಿ, ತಗಡನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಬಾಗಿಲನ್ನು ಏರಿಸುತ್ತಾನೆ. ನೋಡುವವನಿಗೆ ಅವನು ಅರ್ಧ ದಿನ ಏನನ್ನೂ ಮಾಡದೆ ಬಾಗಿಲಿನೊಡನೆ ಆಡುತ್ತಿರುವಂತೆ ತೋರುತ್ತದೆ. ವಾಸ್ತವವಾಗಿ ಕೆಲಸದ ಬಹು ಬೆಲೆಬಾಳುವ ಭಾಗವು ಇದೇ.

ಬೆಂಕಿಯ ಚೇಷ್ಟೆ

ಇನ್ನು ಬೆಸುಗೆ. ಉಕ್ಕಿನ ಒಂದು ಮೀಟರ್ ಪಟ್ಟಿಯು ೧೦೦ ಅಂಶ ಸೆಂಟಿಗ್ರೇಡಿನಷ್ಟು ಕಾದರೆ ಸುಮಾರು ೧.೨ ಮಿಲಿಮೀಟರ್ ಹಿಗ್ಗುತ್ತದೆ. ಬೆಸುಗೆಯ ಬಿಂದುವಿನಲ್ಲಿ ಉಕ್ಕು ಕರಗಬೇಕಾದರೆ ಉಷ್ಣತೆಯು ಸುಮಾರು ೧,೫೦೦ ಅಂಶಗಳಿಗೆ ಏರಬೇಕು. ಕಾದ ಲೋಹವು ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಎಡೆಗೊಡುವುದಿಲ್ಲ. ಕಾದು ಮೆತ್ತಗಾದ ಲೋಹವು ಬೇರೆ ಗತಿಯಿಲ್ಲದೆ ತನ್ನಲ್ಲಿಯೇ ಒತ್ತಿಕೊಂಡು ದಪ್ಪವಾಗುತ್ತದೆ. ಆರಿದಾಗ ಅದು ಕುಗ್ಗುತ್ತದೆ. ಆದರೆ ಮೊದಲಿಗಿಂತ ಈಗ ಅದರ ಉದ್ದ ಕಡಿಮೆ. ಆದುದರಿಂದ ಸುತ್ತಲಿನ ತಗಡನ್ನು ತನ್ನೆಡೆಗೆ ಎಳೆಯುತ್ತದೆ. ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುವುದಿಲ್ಲವೇ? ತಗಡೂ ಹಾಗೆಯೇ ಸೊಟ್ಟಗಾಗುತ್ತದೆ.

ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಈ ಸೆಳೆತವನ್ನು ತಾಳುವ ಶಕ್ತಿ ಕಡಿಮೆ. ಆದ್ದರಿಂದ ಮೇಸ್ತ್ರಿಯು ಒಂದೇ ಸಮನೆ ಬೆಸೆದುಕೊಂಡು ಹೋಗುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಮತ್ತೆ ನಡುವೆ ಒಂದು. ಪ್ರತಿಯೊಂದೂ ಆರುವವರೆಗೆ ಕಾಯಬೇಕು. ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣವು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಮಿಗ್ ಬೆಸುಗೆಯೇ ಇಂದು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಆಮೇಲೆ ಬೆಸುಗೆಯ ಗೆರೆಯ ಮೇಲೆ ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಡಾಲಿ ಎಂಬ ಉಕ್ಕಿನ ಗುಂಡನ್ನು ಹಿಡಿದು ಮೆಲ್ಲಗೆ ತಟ್ಟಿ, ಕುಗ್ಗಿದ ಲೋಹವನ್ನು ಮತ್ತೆ ಹಿಗ್ಗಿಸುತ್ತಾನೆ. ಎಲ್ಲಿ, ಎಷ್ಟು ತಟ್ಟಬೇಕೆಂಬುದನ್ನು ಅಂಗೈ ಹೇಳಬೇಕು, ಪುಸ್ತಕ ಹೇಳಲಾರದು.

ಬೆಸುಗೆಯ ಬಳಿಕವೂ ಕೆಲಸ ಮುಗಿಯಲಿಲ್ಲ. ಗೆರೆಯನ್ನು ಉಜ್ಜಿ ಸಮಮಾಡಿ, ತೆಳುವಾಗಿ ಪುಟ್ಟಿ ಹಾಕಿ, ಅದನ್ನು ತಿಕ್ಕಿ, ಪ್ರೈಮರ್ ಬಳಿದು, ಮತ್ತೆ ತಿಕ್ಕಿ, ಮೇಲಿನ ಬಣ್ಣ ಹೊಡೆಯಬೇಕು. ಹಳೆಯ ಕಾಲದ ಕುಶಲಿಗಳು ಪುಟ್ಟಿಗೆ ಬದಲಾಗಿ ಸೀಸ ಮತ್ತು ತವರಗಳ ಮಿಶ್ರಲೋಹವನ್ನು ಬೆಣ್ಣೆಯಂತೆ ಮೆತ್ತಗೆ ಮಾಡಿ ಮರದ ಪಟ್ಟಿಯಿಂದ ಸವರುತ್ತಿದ್ದರು. ಆ ಮಿಶ್ರಲೋಹವು ೧೮೩ ಅಂಶಗಳಲ್ಲಿ ಮೆತ್ತಗಾಗತೊಡಗಿದರೂ ಒಮ್ಮೆಗೇ ನೀರಾಗುವುದಿಲ್ಲ. ಅದರ ಉಪಯೋಗವಿರುವುದೇ ಈ ಗುಣದಲ್ಲಿ. ಆದರೆ ಸೀಸದ ಧೂಳು ವಿಷ. ಸಿಲ್ಲಿನ ಒಳಗೆ ಮೇಣದಂತಹ ದ್ರವವನ್ನು ಸಿಂಪಡಿಸದಿದ್ದರೆ, ಬೆಸುಗೆಯ ಶಾಖದಲ್ಲಿ ಸುಟ್ಟುಹೋದ ಒಳಬಣ್ಣದ ಜಾಗದಿಂದಲೇ ಹೊಸ ತುಕ್ಕು ಆರಂಭವಾಗುತ್ತದೆ.

ಗಂಟೆಗಳ ಲೆಕ್ಕ

ಈಗ ಎಲ್ಲವನ್ನೂ ಕೂಡಿಸಿ ನೋಡೋಣ. ಕೆಳಗಿನ ಅಂಕಗಳು ಲೆಕ್ಕವನ್ನು ತಿಳಿಯುವುದಕ್ಕಾಗಿ ಇಟ್ಟುಕೊಂಡವು. ಕಾರಿನ ಸ್ಥಿತಿಯಂತೆಯೂ ಕೈಯ ಪಳಗಿನಂತೆಯೂ ಅವು ಬದಲಾಗುತ್ತವೆ. ಒಂದು ಪಕ್ಕದ ಸಿಲ್ಲಿಗೆ ಬಾಗಿಲು, ಆಸನ, ಮಡ್‌ಗಾರ್ಡು ಬಿಚ್ಚಲು ೫ ಗಂಟೆ; ಆಧಾರ ಕೊಟ್ಟು ಅಳೆಯಲು ೨; ಕತ್ತರಿಸಿ ಕೊರೆಯಲು ೬; ನೆರೆಯ ತಗಡುಗಳ ತುಕ್ಕನ್ನು ಸರಿಪಡಿಸಲು ೬; ಕೂರಿಸಿ ನೋಡಲು ೫; ಬೆಸೆದು ಉಜ್ಜಲು ೬; ಪುಟ್ಟಿಯ ಕೆಲಸಕ್ಕೆ ೬; ಬಣ್ಣಕ್ಕೆ ೮; ಒಳಗೆ ಮೇಣಕ್ಕೆ ೧; ಮರಳಿ ಜೋಡಿಸಲು ೫. ಒಟ್ಟು ೫೦ ಗಂಟೆ. ಇದರಲ್ಲಿ ಬೆಸುಗೆಯ ಕಿಡಿ ಹಾರುವ ಹೊತ್ತು ಎಂಟರಲ್ಲೊಂದು ಪಾಲೂ ಇಲ್ಲ!

ಬ್ರಿಟನ್ನಿನಲ್ಲಿ ಹೊರ ಸಿಲ್ಲಿನ ತಗಡೊಂದರ ಬೆಲೆ ಕಾರ್ಯಾಗಾರದ ಒಂದೆರಡು ಗಂಟೆಯ ಕೂಲಿಯ ಆಸುಪಾಸಿನಲ್ಲಿರುತ್ತದೆ. ನಾಲ್ಕೂ ತಗಡುಗಳಿಗೆ ಐದು ಗಂಟೆಯ ಕೂಲಿಯಷ್ಟು ವೆಚ್ಚವಾಯಿತೆಂದು ಹಿಡಿಯೋಣ. ಆಗ ಕೊಡಬೇಕಾದ ಪ್ರತಿ ೧೧ ಪಾಲಿನಲ್ಲಿ ೧೦ ಪಾಲು ಕೂಲಿ, ಒಂದು ಪಾಲು ತಗಡು. ಇದರಿಂದ ಒಂದು ತತ್ತ್ವ ಹೊರಡುತ್ತದೆ. ತಗಡನ್ನು ಬಿಟ್ಟಿಯಾಗಿ ಕೊಟ್ಟರೂ ಉಳಿಯುವುದು ಹನ್ನೊಂದರಲ್ಲೊಂದು ಪಾಲು ಮಾತ್ರ. ಅದೇ, ಚೆನ್ನಾಗಿ ಹೊಂದಿಕೊಳ್ಳುವ ಉತ್ತಮ ತಗಡಿಗೆ ಇಮ್ಮಡಿ ಬೆಲೆ ಕೊಟ್ಟು, ಅದರಿಂದ ೧೦ ಗಂಟೆ ಉಳಿಯುವಂತಾದರೆ, ಒಟ್ಟಿನಲ್ಲಿ ಲಾಭವೇ ಆಯಿತು. ಅಗ್ಗದ ತಗಡನ್ನು ತಂದುಕೊಟ್ಟು ಅದನ್ನು ತಟ್ಟಿ ಹೊಂದಿಸಲು ದುಬಾರಿ ಗಂಟೆಗಳನ್ನು ವ್ಯಯಿಸುವುದು ಜಾಣತನವಲ್ಲ.

ಕೂಲಿ ಏಕೆ ಏರುತ್ತದೆ?

೧೯೬೬ರಲ್ಲಿ ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಸಂಗೀತ, ನಾಟಕಗಳ ಖರ್ಚುವೆಚ್ಚಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡ ಸಂಗತಿ ಸರಳವಾದುದು. ಕಾರ್ಖಾನೆಯಲ್ಲಿ ಯಂತ್ರಗಳು ಸುಧಾರಿಸಿದಂತೆ ಒಬ್ಬ ಕೆಲಸಗಾರ ಗಂಟೆಗೆ ಹೆಚ್ಚು ಸರಕನ್ನು ತಯಾರಿಸುತ್ತಾನೆ. ಅದರಿಂದ ಅವನ ಕೂಲಿ ಏರುತ್ತದೆ. ನಾಲ್ವರು ವಾದ್ಯಗಾರರು ನುಡಿಸುವ ಕೃತಿಗೆ ಮಾತ್ರ ನೂರು ವರ್ಷದ ಹಿಂದೆ ಎಷ್ಟು ಹೊತ್ತು ಬೇಕಾಗಿತ್ತೋ ಇಂದೂ ಅಷ್ಟೇ ಬೇಕು. ಆದರೂ ಅವರ ಸಂಭಾವನೆಯು ಉಳಿದವರ ಕೂಲಿಯ ಜೊತೆಗೆ ಏರಲೇಬೇಕು. ಇಲ್ಲದಿದ್ದರೆ ಆ ವೃತ್ತಿಗೆ ಯಾರೂ ಬರಲಾರರು. ಆದುದರಿಂದ ಯಂತ್ರದಿಂದಾಗುವ ವಸ್ತುಗಳು ಅಗ್ಗವಾಗುತ್ತ, ಕೈಯಿಂದಾಗುವ ಕೆಲಸಗಳು ಅವುಗಳೆದುರಿಗೆ ದುಬಾರಿಯಾಗುತ್ತ ಹೋಗುತ್ತವೆ.

ತಗಡಿನ ಕೆಲಸಕ್ಕೂ ಇದೇ ನ್ಯಾಯ. ಹೊಸ ಸಿಲ್ಲನ್ನು ಅಚ್ಚಿನ ಯಂತ್ರವು ಕೆಲವೇ ಕ್ಷಣಗಳಲ್ಲಿ ಒತ್ತಿ ಕೊಡುತ್ತದೆ. ಅದನ್ನು ಕೂರಿಸುವ ಐವತ್ತು ಗಂಟೆಗಳಿಗೆ ಯಾವ ಯಂತ್ರವೂ ಇಲ್ಲ. ಯಾಕೆಂದರೆ ಯಾವ ಎರಡು ಹಳೆಯ ಕಾರುಗಳೂ ಒಂದೇ ರೀತಿಯಲ್ಲಿ ತುಕ್ಕು ಹಿಡಿದಿರುವುದಿಲ್ಲ.

ಈ ತರ್ಕವನ್ನು ಕೊನೆಯವರೆಗೆ ಒಯ್ದರೆ ಏನಾಗುತ್ತದೆ ಎಂಬುದಕ್ಕೂ ಎಂ.ಜಿ.ಬಿ.ಯೇ ಸಾಕ್ಷಿ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ೧೯೮೮ರಲ್ಲಿ ಎಂ.ಜಿ.ಬಿ.ಯ ಇಡೀ ಒಡಲನ್ನೇ ಹೊಸದಾಗಿ ತಯಾರಿಸಿ ಮಾರಲಾರಂಭಿಸಿತು. ಒಂದೊಂದೇ ತಗಡನ್ನು ಬದಲಿಸುವ ಬದಲು, ಹಳೆಯ ಕಾರಿನ ಎಂಜಿನು, ಚಕ್ರ, ಆಸನಗಳನ್ನು ಹೊಸ ಒಡಲಿಗೆ ಸಾಗಿಸಿದರಾಯಿತು. ತುಕ್ಕು ಎಲ್ಲೆಡೆ ಹರಡಿರುವ ಕಾರಿಗೆ ಇದೇ ಮಿತವ್ಯಯದ ಮಾರ್ಗವಾಗುವುದುಂಟು. ಒಡಲೇ ಹೊಸದಾದ ಮೇಲೆ ಅದು ಹಳೆಯ ಕಾರು ಹೇಗಾದೀತು ಎಂಬ ಪ್ರಶ್ನೆ ಏಳುವುದು ಸಹಜ. ಅದನ್ನು ತರ್ಕಶಾಸ್ತ್ರದವರಿಗೆ ಬಿಡೋಣ.

ಮುಚ್ಚಿದ ಹುಣ್ಣು

ಕೂಲಿಯ ಭಾರಕ್ಕೆ ಹೆದರಿದವರು ಹಿಡಿಯುವ ಅಡ್ಡದಾರಿಯೊಂದಿದೆ. ಕೊಳೆತ ಸಿಲ್ಲನ್ನು ತೆಗೆಯದೆ, ಅದರ ಮೇಲೆಯೇ ಹೊಸ ತಗಡಿನ ಹೊದಿಕೆಯನ್ನು ಹೊಚ್ಚಿ, ಅಂಚಿಗೆ ನಾಲ್ಕು ಬೆಸುಗೆ ಹಾಕಿ, ಬಣ್ಣ ಬಳಿದುಬಿಡುವುದು. ಮಡ್‌ಗಾರ್ಡಿಗೆ ಕತ್ತರಿಯಿಲ್ಲ, ಆಧಾರ ಬೇಕಿಲ್ಲ; ಕೆಲಸವು ಒಂದೆರಡು ದಿನದಲ್ಲಿ ಮುಗಿಯುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ ಒಳಗೆ ಕೊಳೆ ಹಬ್ಬುತ್ತಲೇ ಇರುತ್ತದೆ. ಹೊಸ ಹೊದಿಕೆ ಮತ್ತು ಹಳೆಯ ತಗಡಿನ ನಡುವೆ ಗಾಳಿಯಾಡದ ಮತ್ತೊಂದು ಸಂದಿ ಏರ್ಪಡುತ್ತದೆ. ಇವಾನ್ಸರ ಹನಿಯ ಪಾಠವನ್ನು ನೆನೆಯಿರಿ. ಕೊಳವೆಯು ಒಳಗೆ ಸೀಳಿಕೊಂಡೇ ಇದೆ. ಅಪಘಾತವಾದಾಗ ಕೂತವರನ್ನು ಕಾಯಬೇಕಾದ ತೊಲೆಯು ಆಗ ಹಪ್ಪಳದಂತೆ ಮುರಿಯುತ್ತದೆ.

ಬ್ರಿಟನ್ನಿನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ಪರೀಕ್ಷೆಯುಂಟು. ಆದರೆ ೨೦೧೮ರ ಮೇ ತಿಂಗಳಿನಿಂದ, ನಲವತ್ತು ವರ್ಷ ತುಂಬಿದ ಮತ್ತು ಹೆಚ್ಚಿನ ಮಾರ್ಪಾಟಿಲ್ಲದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ದೊರೆಯಿತು. ೧೯೮೦ರಲ್ಲಿ ತಯಾರಾದ ಕೊನೆಯ ಎಂ.ಜಿ.ಬಿ.ಯೂ ಈಗ ಆ ವಯಸ್ಸನ್ನು ದಾಟಿದೆ. ಕಾರು ರಸ್ತೆಗೆ ತಕ್ಕ ಸ್ಥಿತಿಯಲ್ಲಿರಬೇಕೆಂಬ ಕಾನೂನೇನೋ ಉಳಿದಿದೆ. ಅದನ್ನು ಖಚಿತಪಡಿಸಿಕೊಳ್ಳುವ ಹೊಣೆ ಮಾತ್ರ ಒಡೆಯನ ಮೇಲೆ ಬಿದ್ದಿದೆ. ಕೊಳ್ಳುವವನು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ದಪ್ಪ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ. ಮಡ್‌ಗಾರ್ಡಿನ ಕೆಳಗೆ ಸಿಲ್ಲಿನ ಅಂಚಿನಲ್ಲಿ ಎಷ್ಟು ಪದರಗಳಿವೆ ಎಂದು ಎಣಿಸಬೇಕು. ಬಾಗಿಲು ಮುಚ್ಚಿದಾಗ ಮೇಲಿನ ಸಂದು ಕೆಳಗಿನದಕ್ಕಿಂತ ಕಿರಿದಾಗಿದ್ದರೆ ಕಾರು ನಡುವಿನಲ್ಲಿ ಜಗ್ಗಿದೆಯೆಂದು ಶಂಕಿಸಬೇಕು.

ನಮ್ಮ ನಾಡಿನಲ್ಲಿ

ನಮ್ಮ ದೇಶದ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಟಿಂಕರಿಂಗ್ ಎಂದೂ, ಮಾಡುವವನಿಗೆ ಟಿಂಕರ್ ಎಂದೂ ಹೆಸರು. ಅಂಬಾಸಿಡರ್ ಕಾರಿನ ತಯಾರಿಕೆ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ನಡೆಯಿತು. ಅಷ್ಟು ದೀರ್ಘಕಾಲ ಒಂದೇ ಒಡಲಿನ ಮೇಲೆ ಕೈಯಾಡಿಸಿದ ಟಿಂಕರುಗಳು ಊರ ಊರಿನಲ್ಲಿಯೂ ಇದ್ದರು. ಇಲ್ಲಿ ಕೂಲಿ ಕಡಿಮೆಯಿದ್ದುದರಿಂದ ತಗಡನ್ನು ಬದಲಿಸುವುದಕ್ಕಿಂತ ಬಡಿದು ಸರಿಮಾಡುವುದೇ ವಾಡಿಕೆಯಾಗಿತ್ತು. ಕೂಲಿ ದುಬಾರಿಯಾದಲ್ಲಿ ವಸ್ತುವನ್ನು ಎಸೆಯುತ್ತಾರೆ, ವಸ್ತು ದುಬಾರಿಯಾದಲ್ಲಿ ಕೂಲಿಯನ್ನು ಸುರಿಯುತ್ತಾರೆ. ನಮ್ಮಲ್ಲಿಯೂ ತಕ್ಕಡಿ ಈಗ ಮೆಲ್ಲಮೆಲ್ಲಗೆ ವಾಲುತ್ತಿದೆ. ಬಡಿದು ಸರಿಮಾಡುವ ಕಡೆ ಬಿಡಿಭಾಗವನ್ನೇ ಬದಲಿಸುವ ಪದ್ಧತಿ ಬರುತ್ತಿದೆ.

ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ನೋಡುವ ಅವಕಾಶ ಒದಗಿದರೆ, ಮಿರುಗುವ ಬಣ್ಣವನ್ನು ನೋಡಿ ಮೆಚ್ಚಿ ಮುಂದೆ ಸಾಗಬೇಡಿರಿ. ಬಗ್ಗಿ ಬಾಗಿಲಿನ ಸಂದನ್ನು ನೋಡಿರಿ. ಹಳೆಯ ಕಾರೊಂದರಲ್ಲಿ ಆ ಗೆರೆಯು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದರೆ, ಯಾರೋ ಒಬ್ಬ ಮೇಸ್ತ್ರಿಯು ಬಾಗಿಲನ್ನು ಹತ್ತಾರು ಸಲ ಏರಿಸಿ ಇಳಿಸಿ ನೋಡಿದ್ದಾನೆಂದು ತಿಳಿಯಬಹುದು. ಚೀಟಿಯಲ್ಲಿ 'ಕೂಲಿ' ಎಂದು ಒಂದೇ ಮಾತಿನಲ್ಲಿ ಬರೆದಿರುವುದು ಆ ಗಂಟೆಗಳನ್ನು.